ಏಳು ನಿಮಿಷದ ಅವರೆಬೇಳೆ ಸಾರು

ಚಿಂತಾಮಣಿ, ಎಂಟನೇ ಕೂಗಳತೆ
ಫೆಬ್ರವರಿ 30, 2214

ನನ್ನ ಏಳು ತಲೆಮಾರಿನ ಹಿಂದಿನ ಅಜ್ಜಿ ನಾಗವೇಣಿಯವರಿಗೆ, ನಿಮ್ಮ ವಂಶದ ಚೌಡರತ್ನ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬಿದ್ದಿರುತ್ತವೆ. ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಬಹುಮಟ್ಟಿಗೆ ನಿಮ್ಮ ಬರಹದಿಂದಲೇ ಕಲಿತೆ. ನಮ್ಮ ಕಾಲದ ಪದ ನುಸುಳಿದಲ್ಲಿ ಅರ್ಥ ಹೇಳುತ್ತೇನೆ. ನೀವು ಆ ಬರಹ ಬರೆದಾಗ ನಿಮಗೆ ನಲವತ್ತಾರು ವರ್ಷ, ನನಗೀಗ ಐವತ್ತೊಂಬತ್ತು. ಆದರೂ ನೀವೇ ಅಜ್ಜಿ. ಇದೂ ನನಗೆ ಅಷ್ಟು ಇಷ್ಟವಾದ ವಿಷಯವೇನಲ್ಲ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ತಲುಪುತ್ತದೋ ಇಲ್ಲವೋ ಯಾರೂ ಖಾತ್ರಿ ಕೊಡುವುದಿಲ್ಲ. ಕಚೇರಿಯವರು ನನಗೆ ಬುದ್ಧಿ ಹೇಳಿದರು. ಜನ ಪ್ರವಾಹದ ಬಗ್ಗೆ ಬರೆಯುತ್ತಾರೆ, ರೋಗದ ಬಗ್ಗೆ ಬರೆಯುತ್ತಾರೆ, ನೀವು ಅವರೆಕಾಯಿ ಬಗ್ಗೆ ಬರೆಯುತ್ತೀರಾ ಎಂದರು. ಹೌದು, ಅವರೆಕಾಯಿ ಬಗ್ಗೆಯೇ ಬರೆಯುತ್ತೇನೆ ಎಂದೆ.

ನಿಮ್ಮ ಊಟದ ಡೈರಿ ನಮ್ಮ ಮನೆಯಲ್ಲಿದೆ. ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ನಿಮಗೆ ಬರೆಯಲು ಹೇಳಿದ್ದ ಆ ಡೈರಿ, 2025ರ ಜನವರಿಯಿಂದ ಮಾರ್ಚ್‌ವರೆಗಿನದು, ನಲವತ್ತೇಳು ಪುಟ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ರುಚಿ ಹೇಗಿತ್ತು ಎಂದು ನಾಲ್ಕು ಕಲಂ ಗೀಚಿಕೊಂಡಿದ್ದೀರಿ. ಮೊದಲ ಮೂರನ್ನು ತಾಲ್ಲೂಕು ಕಚೇರಿಯ ಗುಮಾಸ್ತೆಗೆ ತಕ್ಕಂತೆ ಶಿಸ್ತಾಗಿ ತುಂಬಿದ್ದೀರಿ. ನಾಲ್ಕನೆಯದನ್ನು ಓದಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಜನವರಿ 12, ಭಾನುವಾರ. ಎರಡು ಮುದ್ದೆ, ಹಿದುಕಿದ ಅವರೆಬೇಳೆ ಸಾರು. ಮಧ್ಯಾಹ್ನ 1.40. ಏಳು ನಿಮಿಷ. ರುಚಿ: ಗೊತ್ತಿಲ್ಲ, ಟಿವಿ ನೋಡುತ್ತಿದ್ದೆ. ಎರಡು ದಿನ ಬಿಟ್ಟು ಸಂಕ್ರಾಂತಿ. ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು. ರುಚಿ: ಗಮನಿಸಲಿಲ್ಲ, ಫೋನಿನಲ್ಲಿ ಎಲ್ಲರಿಗೂ ಶುಭಾಶಯ ಕಳಿಸುತ್ತಿದ್ದೆ. ಜನವರಿ 22. ಕಚೇರಿಯ ಹಿತ್ತಲ ಮರದ ಸೀಬೆಹಣ್ಣು. ನಿಂತೇ ತಿಂದೆ, ಫೈಲು ಹುಡುಕುತ್ತ. ಜನವರಿ 27. ಅವರೆಕಾಯಿಯಲ್ಲಿ ಹುಳು ಸಿಕ್ಕಿತು, ಒಂದು ಕೇಜಿಯನ್ನೂ ಹೊರಗೆ ಸುರಿದೆ, ಹೋಟೆಲಿನಿಂದ ನೂಡಲ್ಸ್ ತರಿಸಿದೆ.

ಒಂದು ಕೇಜಿ! ಅಜ್ಜಿ, ನಿಮ್ಮ ಮೇಲೆ ನನಗಿರುವುದು ಗೌರವ ಎಂದು ಮೊಮ್ಮಕ್ಕಳಿಗೆ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅದು ಹೊಟ್ಟೆಕಿಚ್ಚು. ಬೆಳಗಾದರೆ ನಿಮ್ಮ ಬಾಗಿಲಿಗೇ ಸೊಪ್ಪಿನವಳು ಬಂದು ಕೂಗುತ್ತಿದ್ದಳು. ದಂಟು, ಮೆಂತ್ಯ, ಸಬ್ಬಸಿಗೆ, ಎಲ್ಲವೂ ಅವತ್ತು ಮುಂಜಾನೆ ಕಿತ್ತದ್ದು, ಬೇರಿಗೆ ಇನ್ನೂ ಮಣ್ಣು ಅಂಟಿಕೊಂಡದ್ದು. ಮಣ್ಣಿದೆ ಎಂದು ನೀವು ಅವಳ ಜೊತೆ ಜಗಳ ಆಡಿದ್ದೀರಿ, ಅದನ್ನೂ ಬರೆದಿಟ್ಟಿದ್ದೀರಿ. ನಮ್ಮಲ್ಲಿ ಮಣ್ಣು ಅಂಟಿದ ಸೊಪ್ಪು ಬಂದರೆ ಮೊದಲು ಮಕ್ಕಳನ್ನು ಕರೆದು ತೋರಿಸುತ್ತೇವೆ.

ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಏನಾಯಿತು ಎಂದು ಕೇಳುತ್ತೀರಿ. ದೊಡ್ಡದೇನೂ ಆಗಲಿಲ್ಲ. ಯಾವ ಯುದ್ಧವೂ ನಮ್ಮ ಅಡುಗೆಮನೆಯನ್ನು ಮುಚ್ಚಿಸಲಿಲ್ಲ. ಉಣ್ಣುವಾಗ ಯಾರೂ ರುಚಿ ನೋಡುತ್ತಿರಲಿಲ್ಲ, ಅಷ್ಟೇ. ನಿಮ್ಮ ಮರಿಮಕ್ಕಳ ಕಾಲಕ್ಕೆ ಸಮಗಂಜಿ ಬಂತು. ಅದು ಬಹಳ ದೂರದಲ್ಲಿ ಎಲ್ಲೋ ಕುದಿಸಿ, ಕೊಳವೆಯಲ್ಲಿ ಮನೆಮನೆಗೆ ಹರಿಸುವ ಗಂಜಿ. ಎಲ್ಲರಿಗೂ ಒಂದೇ ಬಗೆ, ಒಂದೇ ಬಿಸಿ. ಅಗಿಯುವ ಗೋಜಿಲ್ಲ, ಪಾತ್ರೆ ತೊಳೆಯುವ ಗೋಜಿಲ್ಲ. ಟಿವಿ ನೋಡುತ್ತ ಕುಡಿದವರಿಗೆ ಅದಕ್ಕೂ ಅವರೆಬೇಳೆ ಸಾರಿಗೂ ವ್ಯತ್ಯಾಸ ತಿಳಿಯಲೇ ಇಲ್ಲ. ಕೇಳುವವರಿಲ್ಲವೆಂದು ಬೆಳೆಯುವವರು ಬಿಟ್ಟರು. ಬೆಳೆಯುವವರಿಲ್ಲವೆಂದು ಬೀಜ ಕಟ್ಟಿಡುವವರೂ ಬಿಟ್ಟರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಹನ್ನೆರಡು ವರ್ಷದ ಮಕ್ಕಳಿಗೆ ಸಕ್ಕರೆ ಕಾಯಿಲೆ, ಮೂವತ್ತಕ್ಕೆ ಹಲ್ಲು ಅಲುಗಾಟ, ಅರವತ್ತರ ಹತ್ತಿರ ಬಂದವರಿಗೆ ಮಂಕುನಾಲಿಗೆ. ಮಂಕುನಾಲಿಗೆ ಎಂದರೆ ನಾಲಿಗೆ ಮೂಗು ಎರಡೂ ಕೆಲವೇ ವಾರಗಳಲ್ಲಿ ಆರಿಹೋಗುವ ಕಾಯಿಲೆ. ಆಮೇಲೆ ಉಪ್ಪೂ ಒಂದೇ, ಬೂದಿಯೂ ಒಂದೇ.

ನಮ್ಮನ್ನು ಅದರಿಂದ ಮೇಲೆತ್ತಿದವರು ಡಾಕ್ಟರಮ್ಮ ರೆಹಮತ್. ಅವರು ನಿಮ್ಮ ಡೈರಿಯನ್ನು ನಮ್ಮ ಮನೆಯಲ್ಲಿ ನೋಡಿದರು. ಕೊನೆಯ ಪುಟದಲ್ಲಿ ನಿಮ್ಮ ಡಾಕ್ಟರು ಹಸಿರು ಶಾಯಿಯಲ್ಲಿ ಮೂರು ಸಾಲು ಬರೆದಿದ್ದಾರೆ: ಸುತ್ತಮುತ್ತ ಬೆಳೆದ ತಾಜಾ ತರಕಾರಿ ತಿನ್ನಿ. ಚೆನ್ನಾಗಿ ಅಗಿದು ಇಪ್ಪತ್ತು ನಿಮಿಷ ಊಟ ಮಾಡಿ. ಊಟದ ಹೊತ್ತಿಗೆ ಫೋನ್ ಬೇಡ. ನೀವು ಅದನ್ನು ಓದಿದಿರೋ ಇಲ್ಲವೋ ಗೊತ್ತಿಲ್ಲ, ಡೈರಿ ಅಲ್ಲಿಗೇ ನಿಂತಿದೆ. ನಮಗೆ ಆ ಮೂರು ಸಾಲು ಈಗ ಕಾನೂನು. ಊರನ್ನು ಕೂಗಳತೆಗಳಾಗಿ ಹಂಚಿದ್ದೇವೆ. ಒಂದು ತುದಿಯಲ್ಲಿ ನಿಂತು ಕೂಗಿದರೆ ಇನ್ನೊಂದು ತುದಿಗೆ ಕೇಳಬೇಕು, ಅಷ್ಟು ಜಾಗ. ಅಲ್ಲಿ ಬೆಳೆದದ್ದನ್ನು ಅಲ್ಲಿಯವರು ಉಣ್ಣಬೇಕು. ಊಟಕ್ಕೆ ಸುಮ್ಮನೂಟ ಎನ್ನುತ್ತೇವೆ. ತಟ್ಟೆಯ ಮುಂದೆ ಕುಳಿತ ಮೇಲೆ ಉಣ್ಣುವುದು ಬಿಟ್ಟು ಬೇರೆ ಏನೂ ಮಾಡುವಂತಿಲ್ಲ. ಹೀಗೆ ಬೆಳೆದ ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆ ಇಲ್ಲ. ಅವರ ಹಲ್ಲು ನೋಡಿದರೂ ನನಗೆ ಹೊಟ್ಟೆ ಉರಿಯುತ್ತದೆ. ಇಪ್ಪತ್ತೆರಡು ವರ್ಷ ವಯಸ್ಸಾಗುವ ತನಕ ಸಮಗಂಜಿ ಕುಡಿದ ನಮಗೆ ಮಾತ್ರ ಮಂಕು ತಪ್ಪಲಿಲ್ಲ.

ಅದಕ್ಕಾಗಿ ನಮ್ಮಲ್ಲೊಂದು ಪದ್ಧತಿಯಿದೆ. ಇನ್ನು ಕೆಲವು ವರ್ಷಗಳಲ್ಲಿ ಮಂಕು ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದವರಿಗೆ ಕೂಗಳತೆಯವರೆಲ್ಲ ಸೇರಿ ಒಂದು ಬೀಳ್ಕೊಡುಗೆ ಬಟ್ಟಲು ಕೊಡುತ್ತಾರೆ. ಏನು ಬೇಕೆಂದು ಅವರೇ ಹೇಳಬೇಕು, ಊರು ಬೆಳೆದು ಅಡುಗೆ ಮಾಡಿ ಬಡಿಸಬೇಕು. ಉಂಡವರು ಕೊನೆಗೆ ಎದ್ದು ನಿಂತು ರುಚಿ ಹೇಗಿತ್ತೆಂದು ಎಲ್ಲರಿಗೂ ಹೇಳಬೇಕು. ಬಟ್ಟಲು ಒಬ್ಬರಿಗೆ ಒಂದೇ ಸಲ. ಕೆಲವರು ಸೀತಾಫಲ ಕೇಳಿದ್ದಾರೆ, ಒಬ್ಬ ಮುದುಕ ಬರೀ ಎಳೆ ಮೂಲಂಗಿ ಕೇಳಿದ. ನಾನು ಹಿದುಕಿದ ಅವರೆಬೇಳೆ ಸಾರು ಕೇಳಿದೆ. ಎಲ್ಲರೂ ತಲೆ ಮೇಲೆ ಕೈ ಹೊತ್ತರು, ಏಕೆಂದರೆ ಊರಲ್ಲಿ ಅವರೆ ಇರಲಿಲ್ಲ. ಕೊನೆಗೆ ಶಿಡ್ಲಘಟ್ಟದ ಕಡೆಯ ಒಂದು ಮನೆಯಲ್ಲಿ, ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟಿದ್ದ ಒಂದು ಹಿಡಿ ಬೀಜ ಸಿಕ್ಕಿತು. ಅದನ್ನು ನಾಲ್ಕು ವರ್ಷ ಬಿತ್ತಿ, ಬೀಜಕ್ಕೇ ಬಿಟ್ಟು, ಮತ್ತೆ ಬಿತ್ತಿದರು. ಐದನೇ ವರ್ಷ ಒಬ್ಬರ ಬಟ್ಟಲಿಗೆ ಆಗುವಷ್ಟು ಕಾಯಿ ಬಿಟ್ಟಿತು.

ದಿನ ನಾನೇ ಗೊತ್ತುಮಾಡಿದೆ, ಜನವರಿ 12. ನೀವು ಏಳು ನಿಮಿಷದಲ್ಲಿ ಉಂಡೆದ್ದ ದಿನ. ನಾನು ಹೇಗೆ ಉಣ್ಣುತ್ತೇನೆ ನೋಡಿ ಎಂದು ನಿಮಗೆ ತೋರಿಸಬೇಕಿತ್ತು.

ಉಣ್ಣುವವರು ಕಾಯಿ ಮುಟ್ಟುವಂತಿಲ್ಲ. ಹಿಂದಿನ ದಿನ ಕಾಳು ಬಿಡಿಸಿ ನೆನೆಹಾಕಿದರು. ಅವತ್ತು ಬೆಳಿಗ್ಗೆ ಜಗಲಿಯಲ್ಲಿ ನನ್ನ ನಾದಿನಿ ಪಿಳ್ಳಮ್ಮ ಬೇಳೆ ಹಿದುಕಲು ಕೂತಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ಕಾಯಿ ಬಿಡಿಸಿದ್ದೂ ಅವಳೇ. ಕಾಯಿಯ ಮೇಲಿನ ಜಿಡ್ಡು ಅಂಟಿ ಅವಳ ಕೈಯೆಲ್ಲ ಸೊಗಡು. ನೀವು ಆ ವಾಸನೆ ಹೋಗಲೆಂದು ಸೋಪು ಹಾಕಿ ಮೂರು ಸಲ ಕೈ ತೊಳೆದದ್ದನ್ನು ಬರೆದಿದ್ದೀರಿ. ಪಿಳ್ಳಮ್ಮ ಮಾತ್ರ ಕೈ ತೊಳೆಯದೆ ಬೀದಿಯವರಿಗೆಲ್ಲ ಮೂಸಲು ಕೊಡುತ್ತ ಓಡಾಡಿದಳು. ನನ್ನ ಬಟ್ಟಲಿನ ವಾಸನೆಯನ್ನು ನನಗಿಂತ ಮೊದಲೇ ಹಂಚುತ್ತಿದ್ದಾಳಲ್ಲ ಎಂದು ನಾನು ಒಳಗೆ ಕೂತು ಕುದ್ದೆ.

ಮಧ್ಯಾಹ್ನ 1.40ಕ್ಕೆ ನನ್ನನ್ನು ಕೂರಿಸಿದರು. ಸುತ್ತ ನಲವತ್ತು ಜನ. ಬಿಸಿ ಮುದ್ದೆ, ಅದರ ಪಕ್ಕ ಬಟ್ಟಲು ತುಂಬ ಸಾರು. ಮೊದಲ ತುತ್ತು ಮುರಿದು ಅದ್ದಿ ಬಾಯಿಗಿಟ್ಟೆ. ಇಟ್ಟಕೂಡಲೇ ನಿಮ್ಮ ನೆನಪಾಯಿತು. ಇಂಥದ್ದನ್ನು ಇವಳು ವಾರಕ್ಕೆ ಎರಡು ಸಲ ಉಣ್ಣುತ್ತಿದ್ದಳಲ್ಲ ಎನಿಸಿತು. ಎರಡನೇ ತುತ್ತಿಗೆ ಲೆಕ್ಕ ಹಾಕತೊಡಗಿದೆ, ಮೂರು ತಿಂಗಳಲ್ಲಿ ಹತ್ತೊಂಬತ್ತು ಸಲ ಅವರೆ ಉಂಡಿದ್ದೀರಿ. ಆಮೇಲೆ ಆ ಹೊರಗೆ ಸುರಿದ ಒಂದು ಕೇಜಿ ನೆನಪಾಯಿತು. ಆಮೇಲೆ ಮನಸ್ಸಿನಲ್ಲೇ ನಿಮ್ಮ ಸೋಫಾದ ಮುಂದೆ ನಿಂತು ಕೈಯಿಂದ ಫೋನ್ ಕಿತ್ತುಕೊಂಡೆ, ಟಿವಿ ಆರಿಸಿದೆ, ಬಾಯಿಗೆ ಬಂದಂತೆ ಬೈದೆ. ನೀವು ತಿರುಗಿ ಏನೋ ಅಂದಿರಿ, ಅದಕ್ಕೂ ಉತ್ತರ ಕೊಟ್ಟೆ. ಬೆರಳು ಬಟ್ಟಲಿನ ತಳಕ್ಕೆ ತಗುಲಿದಾಗ ಕೆಳಗೆ ನೋಡಿದೆ. ಬಟ್ಟಲು ಖಾಲಿ. ಮುದ್ದೆಯೂ ಇಲ್ಲ.

ಎದ್ದು ನಿಂತೆ. ನಲವತ್ತು ಮುಖ ನನ್ನನ್ನೇ ನೋಡುತ್ತಿದ್ದವು. ಐದು ವರ್ಷ ನೀರು ಹೊತ್ತವರು, ಹುಳು ಆರಿಸಿದವರು. ಸುಳ್ಳು ಹೇಳಿಬಿಡೋಣ ಎಂದುಕೊಂಡೆ. ಘಮ ಎನ್ನಬಹುದಿತ್ತು, ಬೆಣ್ಣೆಯ ಹಾಗಿತ್ತು ಎನ್ನಬಹುದಿತ್ತು, ನಂಬುತ್ತಿದ್ದರು. ಬಾಯಿ ಬರಲಿಲ್ಲ. ನನಗೆ ಗೊತ್ತಾಗಲಿಲ್ಲ ಎಂದೆ. ಮಂಕು ಆಗಲೇ ಬಂದುಬಿಟ್ಟಿದೆ ಎಂದುಕೊಂಡು ಕೆಲವರು ಕಣ್ಣೊರೆಸಿಕೊಂಡರು. ಡಾಕ್ಟರಮ್ಮ ನನ್ನ ನಾಲಿಗೆಗೆ ಒಂದು ಹರಳು ಉಪ್ಪು ಇಟ್ಟರು. ಚುರುಕ್ ಎಂದಿತು. ನಾಲಿಗೆ ಸರಿಯಾಗಿಯೇ ಇತ್ತು.

ಪಿಳ್ಳಮ್ಮ ಮಾತ್ರ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅತ್ತಿಗೆ, ನೀನು ಉಣ್ತಾ ಇರ್ಲಿಲ್ಲ. ಯಾರ ಜೊತೇಲೋ ಜಗಳ ಆಡ್ತಾ ಇದ್ದೆ. ನಾನು ನೋಡ್ತಾನೇ ಇದ್ದೆ.” ಆಮೇಲೆ ತನ್ನ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. “ಇನ್ನೂ ಐತೆ, ಮೂಸು.” ಅವಳ ಕೈಯಲ್ಲಿ ಇದೆ, ನನ್ನಲ್ಲಿ ಇಲ್ಲ ಎಂಬ ಉರಿಗೆ ನಾನು ಮುಖ ತಿರುಗಿಸಿಕೊಂಡೆ. ಅದೊಂದಕ್ಕೆ ನಿಮ್ಮನ್ನು ಬೈಯಲು ನನಗೆ ಯಾವ ದಾರಿಯೂ ಇಲ್ಲ.

ಮೂರು ವಾರಕ್ಕೆ ಮಂಕು ಬಂತು. ಈಗ ಪಿಳ್ಳಮ್ಮ ದಿನಾ ನನ್ನ ಪಕ್ಕ ಕೂತು, ತಾನು ಉಂಡದ್ದರ ರುಚಿಯನ್ನು ನಿಧಾನವಾಗಿ ಹೇಳುತ್ತಾಳೆ. ಬದನೆಕಾಯಿ ಎಳೆಯದು ಅತ್ತಿಗೆ, ಬೀಜ ಸಿಗಲ್ಲ, ಕೊನೇಲಿ ಒಂಚೂರು ಒಗರು ಬರ್ತದೆ ಎನ್ನುತ್ತಾಳೆ. ನಾನು ಅಗಿಯುತ್ತ ಕೇಳುತ್ತೇನೆ, ಮಂಕು ಬಂದವರಿಗೆ ಸುಮ್ಮನೂಟದಲ್ಲಿ ಅಷ್ಟು ಮಾಫಿ ಇದೆ. ಅವಳ ಮೇಲೂ ಹೊಟ್ಟೆಕಿಚ್ಚು ಬರುತ್ತದೆ, ಆದರೆ ಒಂದು ಮಾತನ್ನೂ ತಪ್ಪಿಸಿಕೊಳ್ಳುವುದಿಲ್ಲ.

ಅಜ್ಜಿ, ನಿಮ್ಮ ಡೈರಿಯಲ್ಲಿ ಒಂದೇ ಒಂದು ದಿನ ನಾಲ್ಕನೇ ಕಲಂ ತುಂಬಿದೆ. ಫೆಬ್ರವರಿ 19, ಕರೆಂಟ್ ಹೋಗಿತ್ತು, ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಮೂಲಂಗಿ ಹುಳಿ. ಹುಣಸೆ ಸ್ವಲ್ಪ ಮುಂದಾಗಿತ್ತು, ಆದರೂ ಚೆನ್ನಾಗಿತ್ತು, ಇನ್ನೊಂದು ಸೌಟು ಹಾಕಿಕೊಂಡೆ ಎಂದು ಬರೆದಿದ್ದೀರಿ. ಹತ್ತೊಂಬತ್ತು ಸಲದ ಅವರೆಗಿಂತ ಆ ಒಂದು ಸೌಟಿನ ಮೇಲೆಯೇ ನನಗೆ ಹೆಚ್ಚು ಹೊಟ್ಟೆಕಿಚ್ಚು. ರುಚಿ ನೋಡಿ ಉಣ್ಣುವುದು ನಿಮಗೆ ಬರುತ್ತದೆ, ನನಗೆ ಗೊತ್ತು.

ಈ ಕಾಗದ 2025ರ ಡಿಸೆಂಬರಿಗೆ ತಲುಪಲಿ ಎಂದು ಕೇಳಿಕೊಂಡಿದ್ದೇನೆ. ಅಷ್ಟು ಹೊತ್ತಿಗೆ ಇಬ್ಬನಿ ಬಿದ್ದಿರುತ್ತದೆ, ಸಂತೆಗೆ ಸೊಗಡಿನ ಅವರೆ ಬಂದಿರುತ್ತದೆ. ತನ್ನ ಹೊಲದ್ದನ್ನೇ ಗೋಣಿಯ ಮೇಲೆ ಸುರಿದುಕೊಂಡು ಕೂತವಳ ಹತ್ತಿರ ಕೊಳ್ಳಿ. ಹುಳು ಇದ್ದರೆ ಅದೊಂದನ್ನು ಆರಿಸಿ ಬಿಸಾಡಿ. ಕೂತು ಬಿಡಿಸಿ, ನೆನೆಹಾಕಿ, ಹಿದುಕಿ, ಸಾರು ಮಾಡಿ, ಇಪ್ಪತ್ತು ನಿಮಿಷ ಉಣ್ಣಿ. ಆ ಹೊತ್ತಿನಲ್ಲಿ ನನ್ನನ್ನು ನೆನೆಯಬೇಡಿ. ಅಯ್ಯೋ ಪಾಪ, ಆ ಹುಡುಗಿಗೆ ಸಿಗಲಿಲ್ಲವಲ್ಲ ಎಂದು ಮರುಗಲೂ ಬೇಡಿ. ನಾನು ನಿಮ್ಮನ್ನು ನೆನೆಯುತ್ತ ಉಂಡು ಕಳೆದುಕೊಂಡೆ. ನೀವು ನನ್ನನ್ನು ನೆನೆಯುತ್ತ ಉಂಡರೆ ಎರಡು ಬಟ್ಟಲು ಹೋದಂತಾಗುತ್ತದೆ.

ನಿಮ್ಮ ಅಭ್ಯಾಸ ನನಗೆ ಗೊತ್ತು. ಈ ಕಾಗದವನ್ನು ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡೇ ಓದುತ್ತಿದ್ದೀರಿ. ಮಡಚಿಡಿ ಅಜ್ಜಿ. ಸಾರು ಆರುತ್ತಿದೆ.

ಇಂತಿ, ಹೊಟ್ಟೆಕಿಚ್ಚಿನ
ಚೌಡರತ್ನ