ವ್ಯಾನಿನ ಮೇಲೆ ಹಾಕಿದ ಕೇಸು

ಮಾತು ಬಿಟ್ಟು ಹೋದ ಅರ್ನೆಸ್ಟೀನ್‌ಗೆ, ನಿನ್ನ ವರ್ಲೀನ್ ಬರೆಯುವುದು.

ಲಕೋಟೆಯ ಮೇಲೆ ಬೇಕೆಂದೇ ನನ್ನ ಹೆಸರು ಹಾಕಿಲ್ಲ. ಹಾಕಿದ್ದರೆ ನೀನು ಒಡೆಯದೆಯೇ ಕಸಕ್ಕೆ ಎಸೆಯುತ್ತಿದ್ದೆ, ನಿನ್ನನ್ನು ನಾನು ಬಲ್ಲೆ. ಇಷ್ಟು ಓದಿದ್ದೀಯಲ್ಲ, ಇನ್ನು ಪೂರ್ತಿ ಓದು.

ನಮ್ಮ ಚರ್ಚಿನ ಊಟದ ಮನೆಗೆ ಶೆರಿಫ್ ಕಚೇರಿಯ ಪೊಲೀಸರು ಅನುದಾನ ಕೊಡಲು ಮುಂದೆ ಬಂದರು. ಅಪರಾಧಿಗಳಿಂದ ಮುಟ್ಟುಗೋಲು ಹಾಕಿಕೊಂಡ ಹಣವಂತೆ, ಅದನ್ನು ಹೀಗೆ ಒಳ್ಳೆಯ ಕೆಲಸಕ್ಕೆ ಹಂಚುತ್ತಾರಂತೆ. ಅವರ ಕ್ಯಾಪ್ಟನ್ ಹಾಲ್‌ಕಂಬ್ ತಾನೇ ಅಡುಗೆಮನೆಗೆ ಬಂದ. ಕೆಟ್ಟು ಕೂತ ಒಲೆಯನ್ನು ನೋಡಿ ಲೊಚಗುಟ್ಟಿದ, ನನ್ನ ಪೀಚ್ ಪೈ ಎರಡು ಸಲ ಹಾಕಿಸಿಕೊಂಡ, "ನಿಮ್ಮಂಥೋರೇ ಈ ಊರಿನ ಬೆನ್ನೆಲುಬು, ಮೇಡಂ" ಎಂದ. ಇಷ್ಟು ವರ್ಷ ಈ ಬೀದಿಯಲ್ಲಿದ್ದೇನೆ, ಆ ಕಚೇರಿಯವರು ಯಾರೂ ನನ್ನನ್ನು ಮೇಡಂ ಎಂದಿರಲಿಲ್ಲ. ಅವನು ಹೋದ ಮೇಲೆ ತಟ್ಟೆಯನ್ನು ಎತ್ತಿ ಕೆಳಗೆ ಕದ್ದು ಕೇಳುವ ಯಂತ್ರವೇನಾದರೂ ಬಿಟ್ಟು ಹೋಗಿದ್ದಾನೆಯೇ ಎಂದು ನೋಡಿದೆ. ನಗಬೇಡ.

ಬೀದಿಯವರಿಗೆ ಬೇರೆಯೇ ಅನುಮಾನ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕ್ಲಿಯೋಟಾ ನನಗೆ ಕೇಳಲೆಂದೇ ಅಂದಳು: "ಪುಕ್ಕಟೆ ಯಾರಿಗ್ ಕೊಡ್ತಾರಮ್ಮ ಅವ್ರು? ಯಾರ ಮನೆ ಸುದ್ದಿ ಒಪ್ಪಿಸಿದ್ದಾಳೋ ಏನೋ." ನೀನು ಊರು ಬಿಡುವಾಗ ನನ್ನನ್ನು ನೋಡಿದ್ದೂ ಅದೇ ಕಣ್ಣಿನಿಂದ. ಆ ಶನಿವಾರ ನಿನ್ನ ಮಗ ಲಮಾರ್ ವ್ಯಾನ್ ತೆಗೆದುಕೊಂಡು ಯಾವ ದಾರಿಯಲ್ಲಿ ಹೋಗುತ್ತಾನೆಂದು ನಿನ್ನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು, ನಿಜ. ಆದರೆ ಹಂದಿಯ ಚಿತ್ರ ಬರೆದ ನಿನ್ನ ಕೆಂಪು ವ್ಯಾನನ್ನು ತಡೆಯಲು ಪೊಲೀಸರಿಗೆ ಯಾರಾದರೂ ಸುಳಿವು ಕೊಡಬೇಕೇನೇ? ಅದು ಬರುವ ಮೊದಲೇ ನೀನು ಮಾರುವ ಬಾರ್ಬೆಕ್ಯೂ ಮಾಂಸದ ವಾಸನೆ ಬರುತ್ತಿತ್ತು. ನೀನು ನನ್ನನ್ನು ಒಂದು ಮಾತೂ ಕೇಳದೆ ಹೋದೆಯಲ್ಲ, ಅದು ಇವತ್ತಿಗೂ ನೋಯುತ್ತದೆ.

ಅವರು ತಡೆದು ಹುಡುಕಿದಾಗ ಗಾಂಜಾ ಸಿಕ್ಕಿದ್ದು ಲಮಾರ್‌ನ ಪಕ್ಕ ಕೂತಿದ್ದ ಸ್ನೇಹಿತನ ಜೇಬಿನಲ್ಲಿ. ಲಮಾರ್‌ನನ್ನು ಸಂಜೆಯೊಳಗೆ ಬಿಟ್ಟರು, ವ್ಯಾನನ್ನು ಬಿಡಲಿಲ್ಲ. "ಹುಡುಗನ ಮೇಲೆ ಕೇಸೇ ಇಲ್ಲ ಅಂದ್ಮೇಲೆ ವ್ಯಾನ್ ಎಲ್ಲಿಗ್ ಹೋಗುತ್ತೆ, ಸಿಸ್ಟರ್? ಅವ್ರೇ ಕರೀತಾರೆ, ಕಾಯಿರಿ" ಎಂದರು ಪಾಸ್ಟರ್. ನಾವೆಲ್ಲ ತಲೆಯಾಡಿಸಿದೆವು. ಕೇಸನ್ನು ಮನುಷ್ಯರ ಮೇಲಲ್ಲ, ವ್ಯಾನಿನ ಮೇಲೇ ಹಾಕಿದ್ದಾರೆಂದು ಯಾರಿಗೆ ಹೊಳೆಯಬೇಕು? ಸರ್ಕಾರ ಒಂದು ಕಡೆ, ನಿನ್ನ ವ್ಯಾನ್ ಇನ್ನೊಂದು ಕಡೆ. ಅದರ ಪರವಾಗಿ ಕೋರ್ಟಿಗೆ ಬಂದು ನಿಲ್ಲಲು ಗಡುವಿತ್ತು, ಅದು ಮುಗಿಯುವವರೆಗೂ ನಾವು ಕರೆಗಾಗಿ ಕಾದು ಕೂತಿದ್ದೆವು. ಆಮೇಲೆ ಹರಾಜಿನ ಅಂಗಳದಲ್ಲಿ ಅದನ್ನು ಬೇಲಿಯಾಚೆಯಿಂದ ನೋಡಿದೆ. ಹಂದಿಯ ಮೇಲೆ ಬಿಳಿ ಬಣ್ಣ ಬಳಿದಿದ್ದರು, ಒಂದು ಕಿವಿ ಮಾತ್ರ ಉಳಿದಿತ್ತು.

ಈಗ ಆ ವ್ಯಾನ್ ಮಾರಿದ ಹಣವೇ ಒಲೆಯಾಗಿ ನಮ್ಮ ಬಾಗಿಲಿಗೆ ಬರುವುದಿತ್ತು. ಅಷ್ಟೊಂದು ಚರ್ಚುಗಳಿರುವಾಗ ನೀನಿದ್ದ ಈ ಚರ್ಚೇ ಏಕೆ? ಇಲ್ಲಿನ ಬಾಯಿಗಳನ್ನು ಮುಚ್ಚಿಸಲು ಎಂಬುದು ನನ್ನ ಅನುಮಾನ. ಬೇಡವೆನ್ನೋಣವೆಂದರೆ, ಒಲೆ ಕೆಟ್ಟಾಗಿನಿಂದ ಮುದುಕರಿಗೆ ತಣ್ಣನೆಯ ಸ್ಯಾಂಡ್‌ವಿಚ್ಚೇ ಗತಿ. ನಮ್ಮ ಹಿರಿಯಜ್ಜಿ ಮದರ್ ಆಡಿಗೆ ಹಲ್ಲಿಲ್ಲ, ಅದನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾಳೆ. ಒಮ್ಮೆ ಅವಳ ಮುಖ, ಒಮ್ಮೆ ನಿನ್ನ ಮುಖ ಕಣ್ಣ ಮುಂದೆ ಬಂದು ಯಾವುದನ್ನೂ ತೀರ್ಮಾನಿಸಲಾಗದೆ ಒದ್ದಾಡಿದೆ.

ಗುರುವಾರ ಮಧ್ಯಾಹ್ನ ಅವರು ಬಂದರು. ಪ್ರದರ್ಶನಕ್ಕೆಂದು ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕು, ಫೋಟೋ ತೆಗೆಯುವವನು, ಕ್ಯಾಪ್ಟನ್ನಿನ ಹಿಂದೆ ಸಮವಸ್ತ್ರದವರ ಸಾಲು. ಪಾಸ್ಟರ್ ನನ್ನ ಕಿವಿಯಲ್ಲಿ, "ಪ್ರಾರ್ಥನೆ ಚಿಕ್ಕದಾಗಿ ಮುಗ್ಸಮ್ಮ" ಎಂದರು. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ನೀನೇ ಶುರು ಮಾಡಿದ್ದು: ಚಮಚ ಮುಟ್ಟುವ ಮೊದಲು ಆ ದಿನದ ಊಟ ಯಾರಿಂದ ಬಂತೋ ಅವರ ಹೆಸರು ಹೇಳಬೇಕು, ಎಲ್ಲರೂ ಆಮೆನ್ ಅನ್ನಬೇಕು. ಕ್ಯಾಪ್ಟನ್ ಟೊಪ್ಪಿ ತೆಗೆದು, ತನ್ನ ಹೆಸರು ಕೇಳಲು ತಲೆ ಬಾಗಿಸಿ ನಿಂತ. ಆ ಬಾಗಿದ ತಲೆ ನೋಡಿದಾಗ ನನ್ನ ಅನುಮಾನವೆಲ್ಲ ಸಿಟ್ಟಾಯಿತು.

"ಸ್ವಾಮೀ, ಈ ಒಲೆ ಅರ್ನೆಸ್ಟೀನ್ ಪ್ರೂಯಿಟ್ ವ್ಯಾನಿಂದ ಬರ್ತಿದೆ" ಎಂದೆ. "ಅವಳು ತಪ್ಪು ಮಾಡ್ಲಿಲ್ಲ, ಅವಳ ಮಗನೂ ಮಾಡ್ಲಿಲ್ಲ. ಅವಳನ್ನ ಯಾರೂ ಕೇಳ್ದೇನೇ ತಗೊಂಡ್ರು. ಕೊಟ್ಟೋಳು ಅವಳೇ. ಅವಳನ್ನ ಆಶೀರ್ವದಿಸು."

ಆಮೆನ್ ಎಂದರು ಎಲ್ಲರೂ. ಮದರ್ ಆಡಿಯದೇ ಎಲ್ಲರಿಗಿಂತ ಜೋರು. ಕ್ಲಿಯೋಟಾ ಎರಡು ಸಲ ಅಂದಳು. ಕ್ಯಾಪ್ಟನ್ ಕೂಡ ಅಭ್ಯಾಸಬಲದಿಂದ ಅಂದುಬಿಟ್ಟ, ಆಮೇಲೆ ಕಣ್ಣು ಬಿಟ್ಟ. ಆಗಿನ ಅವನ ಮುಖವನ್ನು ನೀನು ನೋಡಬೇಕಿತ್ತು.

ಅವನು ಊಟ ಮಾಡದೆ ಹೋದ. ನಿಜವಾದ ಚೆಕ್ಕು ಇನ್ನೂ ಬಂದಿಲ್ಲ, ಬರುವುದಿಲ್ಲವೆಂದೇ ನನ್ನ ಅನುಮಾನ. ಪಾಸ್ಟರ್ ನನ್ನೊಡನೆ ಮಾತಾಡುತ್ತಿಲ್ಲ. ರಟ್ಟಿನದನ್ನು ಮಾತ್ರ ಬಿಟ್ಟು ಹೋಗಿದ್ದರು, ಅಡುಗೆಮನೆಯ ಒಡೆದ ಕಿಟಕಿಗೆ ಅಡ್ಡ ಇಟ್ಟಿದ್ದೇನೆ, ಗಾಳಿ ತಡೆಯುತ್ತದೆ. ಮದರ್ ಆಡಿ ಇವತ್ತೂ ಸ್ಯಾಂಡ್‌ವಿಚ್ ನೆನೆಸುತ್ತಾ, "ಅರ್ನೆಸ್ಟೀನ್ ಯಾವಾಗ್ ಬರ್ತಾಳೆ ಮಗಾ?" ಎಂದು ಕೇಳಿದಳು. ಅವಳಿಗೆ ಇನ್ನಷ್ಟು ಹಾಲು ಸುರಿದು ಈ ಕಾಗದ ಬರೆಯಲು ಕೂತೆ.

ಇನ್ನೂ ನನ್ನ ಮೇಲೆ ಅನುಮಾನವಿದ್ದರೆ ಬಂದು ಎದುರಿಗೇ ಕೇಳು. ಹಿಂಬಾಗಿಲಿನ ಚಿಲಕ ಹಾಕಿಲ್ಲ.

ಈ ಊರಿಗೆ ಬರುವ ದಾರಿಯಲ್ಲಿ ಯಾರೂ ನಿನ್ನನ್ನು ತಡೆಯದಿರಲಿ, ದೇವರು ನಿನ್ನ ಜೊತೆಗಿರಲಿ.

ನೀನು ನಂಬಿದರೂ ನಂಬದಿದ್ದರೂ ನಿನ್ನವಳೇ,
ವರ್ಲೀನ್