ಬಾಗಿಲ ಚೌಕಟ್ಟಿನ ಮೇಲೊಂದು ಗೆರೆ

ಮನೆಯಿಂದ,
ಭಾನುವಾರ, ಮಾರ್ಚ್ ಹತ್ತು

ಪ್ರೀತಿಯ ಮಗಳೇ,

ಹೇಗಿದ್ದೀಯ ತಾಯಿ? ಚಳಿಗೆ ಒಡೆದಿದ್ದ ತುಟಿ ವಾಸಿಯಾಯಿತೇ? ಆ ಹಿಮದಲ್ಲಿ ಗಾಳಿ ಅಳೆಯುತ್ತ ನಿಂತು ಊಟ ಮರೆಯಬೇಡ. ನನ್ನ ಮಂಡಿ ಎಂದಿನಂತೆ ಮೊಂಡು ಹಿಡಿದಿದೆ, ಉಳಿದದ್ದೆಲ್ಲ ನೆಟ್ಟಗಿದೆ. ಹವಾಮಾನ ಕೇಂದ್ರದವರು ಇನ್ನು ಮೂರು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ಹಾಕಲೇ ಬೇಡವೇ ಎಂದು ಬರೆದಿದ್ದೆಯಲ್ಲ, ಒಳ್ಳೆಯ ಕೆಲಸ, ಹಾಕು ಎಂದು ಹೇಳಲೆಂದೇ ಬೆಳಿಗ್ಗೆ ಕಾಗದ ಹಿಡಿದು ಕೂತೆ. ಅಷ್ಟರಲ್ಲಿ ನಿನ್ನ ಮಗಳು ಬಂದಳು. ಅವಳನ್ನು ನಾವೀಗ ಪಿಟೀಲು ಎಂದೇ ಕರೆಯುವುದು, ರಾಗ ಎಳೆಯಲು ಶುರುಮಾಡಿದರೆ ನಿಲ್ಲಿಸುವುದೇ ಇಲ್ಲ ನೋಡು.

“ಅಜ್ಜ, ಅಮ್ಮ ಎಷ್ಟು ಎತ್ತರ? ನಂಗೆ ನೆನಪೇ ಆಗ್ತಿಲ್ಲ” ಎಂದಳು. ನನ್ನ ಭುಜದವರೆಗೆ ಎಂದೆ ನಾನು. ನಿನ್ನಮ್ಮ ಒಲೆಯ ಮುಂದಿನಿಂದಲೇ, ಕಿವಿಯವರೆಗೆ ಎಂದು ಜಗಳಕ್ಕೆ ಬಂದಳು. ನಮ್ಮಿಬ್ಬರನ್ನೂ ನಂಬದೆ ಪಿಟೀಲು ಗೋಡೆಯಿಂದ ಫೋಟೋ ಇಳಿಸಿದಳು. ಮೂರು ವರ್ಷದ ಹಿಂದೆ ನೀನು ಹೊರಟ ದಿನ ಹೊಸ್ತಿಲ ಮೇಲೆ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ತೆಗೆಸಿದ್ದೆಯಲ್ಲ, ಅದೇ. ಸ್ಕೇಲಿಟ್ಟು ನೋಡಿದರೆ ಚಿತ್ರದಲ್ಲಿ ಬಾಗಿಲ ಚೌಕಟ್ಟು ಹತ್ತೂವರೆ ಸೆಂಟಿಮೀಟರ್, ನೀನು ಎಂಟು. ನಿಜವಾದ ಚೌಕಟ್ಟು ಇನ್ನೂರ ಹತ್ತು, ಅದು ನಾನೇ ಕೂಡಿಸಿದ್ದು, ನಿದ್ದೆಯಲ್ಲೂ ಹೇಳುತ್ತೇನೆ. ಮೊದಲು ಅವಳು ಹತ್ತೂವರೆಗೆ ಎಷ್ಟು ಸೇರಿಸಿದರೆ ಇನ್ನೂರ ಹತ್ತಾಗುತ್ತದೆಯೋ ಅಷ್ಟನ್ನೇ ನಿನ್ನ ಎಂಟಕ್ಕೂ ಸೇರಿಸಿದಳು. ನಿನ್ನ ನೆತ್ತಿ ಬಾಗಿಲಿಗೆ ತಾಗುವಂತಾಯಿತು! ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಟೀಚರ್ ಹೇಳಿದ್ರು, ಸೇರಿಸ್ಬಾರ್ದು, ಎಷ್ಟು ಪಟ್ಟು ಅಂತ ನೋಡ್ಬೇಕು” ಎಂದು ಮತ್ತೆ ಕೂತಳು. ಬಾಗಿಲು ಇಪ್ಪತ್ತು ಪಟ್ಟು. ಹಾಗಾದರೆ ನೀನೂ ಇಪ್ಪತ್ತು ಪಟ್ಟು. ನೂರ ಅರವತ್ತು.

ನನ್ನ ಪೆನ್ಸಿಲ್ ಕಿತ್ತುಕೊಂಡು, ಸ್ಟೂಲ್ ಹತ್ತಿ, ಚೌಕಟ್ಟಿನ ಮೇಲೆ ಗೆರೆ ಎಳೆದಳು. ಮಗಳೇ, ಬದುಕೆಲ್ಲ ಮರಕ್ಕೆ ಗೆರೆ ಎಳೆದವನು ನಾನು. ಇಂಥದೊಂದು ಗೆರೆ ಎಂದೂ ಎಳೆದಿಲ್ಲ. ಅಂಗೈಯಗಲದ ಚಿತ್ರದಿಂದ ನಿನ್ನನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿಬಿಟ್ಟಳು. ನೀನು ಇಲ್ಲೇ ಇದ್ದೀಯ ಎನ್ನಿಸಿ ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ನಿನ್ನಮ್ಮ ಸೌಟು ಹಿಡಿದುಕೊಂಡೇ ಬಂದು ಗೆರೆಯನ್ನು ಸವರಿ, “ಹೌದು, ಇಷ್ಟೇ ಇದ್ದಳು” ಎಂದಳು. ಕಿವಿಯ ಮಾತು ಎತ್ತಲೇ ಇಲ್ಲ.

ಮಧ್ಯಾಹ್ನದಿಂದ ನಾವು ಆ ಬಾಗಿಲನ್ನು ಮುಚ್ಚಿಲ್ಲ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ
ಅಪ್ಪ

ಮರೆತಿದ್ದೆ: ಫೋಟೋದಲ್ಲಿ ಪಿಟೀಲು ಆರು ಸೆಂಟಿಮೀಟರ್, ಅಂದರೆ ಆಗ ನೂರ ಇಪ್ಪತ್ತು. ಈಗ ನೂರ ನಲವತ್ತು. ಇದೇ ಲೆಕ್ಕದಲ್ಲಿ ಬೆಳೆದರೆ ಇನ್ನು ಮೂರು ವರ್ಷಕ್ಕೆ ಸರಿಯಾಗಿ ನಿನ್ನ ಗೆರೆ ಮುಟ್ಟುತ್ತಾಳೆ. ಇದನ್ನೂ ಅವಳೇ ಲೆಕ್ಕ ಹಾಕಿ, “ಆಮೇಲೆ ಅಮ್ಮಂಗೆ ಬಗ್ಗಿ ನನ್ನ ಮುದ್ದು ಮಾಡೋಕಾಗಲ್ಲ ಅಲ್ವಾ ಅಜ್ಜ?” ಎಂದಳು. ಬೆಳಿಗ್ಗೆ ಬರೆಯಬೇಕೆಂದಿದ್ದುದನ್ನು ಬಿಟ್ಟುಬಿಡು. ಸಹಿ ಹಾಕಬೇಡ ಮಗಳೇ. ನೀನು ಬಗ್ಗುವುದಕ್ಕೆ ಇನ್ನೂ ಇಪ್ಪತ್ತು ಸೆಂಟಿಮೀಟರ್ ಉಳಿದಿದೆ, ಬಂದುಬಿಡು.