ಬಲಗಡೆ ಸೀಟಿನ ಬೆಲ್ಟು

ಫೆಬ್ರವರಿ 8, ಶನಿವಾರ. ಕೊಚ್ಚಿ

ರೈಲು ಇವತ್ತೂ ಲೇಟು. ಹುಳಿ ಡಬ್ಬಿ ಚೆಲ್ಲಲಿಲ್ಲ, ಪುಣ್ಯ. ಇವರು ಸ್ಟೇಷನ್ನಿಂದ ನೇರ ಏಲೂರಿನ ಶೆಡ್ಡಿಗೇ ಕರೆದುಕೊಂಡು ಹೋದರು. ಗಂಡ ಕೊಚ್ಚಿಯಲ್ಲಿ, ಹೆಂಡತಿ ಮಗಳು ತಿರುವನಂತಪುರದಲ್ಲಿ, ಕೈಯಾರೆ ಕಟ್ಟುತ್ತಿರುವ ವಿಮಾನ ಏಲೂರಿನಲ್ಲಿ — ಮೂರು ಕಡೆ ಸಂಸಾರ. ಹೆಚ್ಚು ಆರೈಕೆ ವಿಮಾನಕ್ಕೇ.

ರೆಕ್ಕೆ, ಬಾಲ, ಎಂಜಿನ್ ಎಲ್ಲ ಆಯಿತು. ಈಗ ಸೀಟ್ ಬೆಲ್ಟು. ಎರಡು ಥರದ ಬಕಲ್ ತರಿಸಿದ್ದಾರೆ. ಒಂದು ಎತ್ತಿದರೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ತಿರುಗಿಸಿದರೆ. ನನ್ನನ್ನು ಬಲಗಡೆ ಸೀಟಿನಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದರು. ಬಲಗೈಯಲ್ಲಿ ಬಿಚ್ಚು, ಎಡಗೈಯಲ್ಲಿ ಬಿಚ್ಚು. ಆಮೇಲೆ ಕೈಗೆ ಸೋಪಿನ ನೀರು ಹಚ್ಚಿ ಮತ್ತೆ ಬಿಚ್ಚು. ತಿರುಗಿಸುವಾಗ ಬಲ ಹೆಬ್ಬೆರಳು ಹಿಡಿದುಕೊಂಡಿತು. ಬೆಳಗ್ಗೆ ಎದ್ದಾಗಲೂ ಹಾಗೇ ಅದು. ಇವರು ಆ ಬಕಲನ್ನು ಡಬ್ಬಕ್ಕೆ ಹಾಕಿಬಿಟ್ಟರು.

ನಾನು ಈ ವಿಮಾನ ಹತ್ತುವವಳಲ್ಲ. ಶುರುವಿನಲ್ಲೇ ಹೇಳಿದ್ದೇನೆ. ಮೊದಲ ಹಾರಾಟ ಹೇಗೂ ಇವರೊಬ್ಬರದೇ, ಮಳೆಗಾಲಕ್ಕೆ ಮುಂಚೆ.

ಫೆಬ್ರವರಿ 9, ಭಾನುವಾರ. ವಾಪಸ್ ರೈಲಿನಲ್ಲಿ

ಆಫೀಸಿನಲ್ಲಿ ರಾಕೆಟ್ಟಿನ ಮೇಲೆ ಬೀಳುವ ಭಾರದ ಲೆಕ್ಕ ನನ್ನ ಕೆಲಸ. ದೊಡ್ಡ ಸಂಖ್ಯೆಗಳಿಗೆ ಹೆದರುವವಳಲ್ಲ. ಆದರೂ ಇವತ್ತು ಆ ಬೆಲ್ಟನ್ನು ಬೆರಳಲ್ಲಿ ಮಡಿಚಿ ನೋಡಿ ಮೈ ಜುಂ ಅಂದಿತು. ಎರಡೇ ಅಂಗುಲ ಅಗಲ. ಸ್ಕೂಲ್ ಬ್ಯಾಗಿನ ಪಟ್ಟಿಯ ಹಾಗೆ. ಇದಕ್ಕೆ ಒಂದು ಕಾರು ನೇತುಹಾಕಬಹುದು… ಎಷ್ಟು ಸಾವಿರ ನೂಲು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಗೊತ್ತಿರುವ ವಿಷಯವೇ. ಆದರೆ ಗೊತ್ತಿರುವುದು ಬೇರೆ, ಕೈಯಲ್ಲಿ ಹಿಡಿಯುವುದು ಬೇರೆ.

ಮಾರ್ಚ್ 2, ಭಾನುವಾರ. ಶೆಡ್

ಬೆಲ್ಟ್ ಕೂರಿಸಿದರು. ಪಟ್ಟಿ ಭುಜದ ಮೇಲಿಂದ ಹಿಂದೆ ಹೋಗಿ, ಸೀಟುಗಳ ಬೆನ್ನಿಗೆ ಅಡ್ಡಲಾಗಿ ವೆಲ್ಡ್ ಮಾಡಿದ ಪೈಪಿಗೆ ಸೇರುತ್ತದೆ. ನನಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಕೂತಿತು. ಮಗಳು ಇಂಚರಾ ಪಕ್ಕದಿಂದ ನಮ್ಮಿಬ್ಬರ ಫೋಟೊ ತೆಗೆದಳು. ಅಪ್ಪನನ್ನು ಯಾರೋ ಮೇಲಿಂದ ಅದುಮಿದ ಹಾಗಿದೆ ಎಂದು ಮಲಯಾಳಂನಲ್ಲಿ ಹೇಳಿ ನಕ್ಕಳು. ನಾನೂ ನಕ್ಕೆ.

ಮಾರ್ಚ್ 3, ಸೋಮವಾರ. ತಿರುವನಂತಪುರ

ಕ್ಯಾಂಟೀನಿನಲ್ಲಿ ಆ ಫೋಟೊ ಮತ್ತೆ ನೋಡಿದೆ. ಊಟ ಸೇರಲಿಲ್ಲ.

ನನ್ನ ಪಟ್ಟಿ ಭುಜದಿಂದ ನೆಟ್ಟಗೆ ಹಿಂದಕ್ಕೆ ಹೋಗಿದೆ. ಇವರದು ಕೆಳಕ್ಕೆ ಇಳಿದಿದೆ. ವಿಮಾನ ಎಲ್ಲಾದರೂ ಬಡಿದು ನಿಂತರೆ ಮೈ ಮುಂದಕ್ಕೆ ನುಗ್ಗುತ್ತದೆ, ಪಟ್ಟಿ ಭುಜಗಳನ್ನು ಕೆಳಕ್ಕೆ ಜಗ್ಗುತ್ತದೆ — ಬೆನ್ನುಮೂಳೆ ಮುರಿಯುವುದು ಕಾಪಾಡಬೇಕಾದ ಬೆಲ್ಟಿನಿಂದಲೇ. ಪೈಪು ಸರಿಯಾಗಿ ನನ್ನ ಭುಜದ ಎತ್ತರಕ್ಕಿದೆ. ಇವರು ನನಗಿಂತ ಒಂದು ತಲೆ ಎತ್ತರ.

ಫೋನ್ ಮಾಡಿದೆ.

“ರೀ, ಆ ಪೈಪು ಯಾರ ಅಳತೆಗೆ ಹಾಕಿದ್ದು?”

“ನಿಂದೇ. ನಿನ್ನ ಕೂರಿಸಿ ಅಳೆದಿದ್ನಲ್ಲ.”

“ಮತ್ತೆ ನಿಮ್ಮದು?”

“ನಂದೂ ಅಳೀಬೇಕು ಅಂತ ಹೊಳೀಲೇ ಇಲ್ಲ ಕಣೆ.”

ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗು ಸರ್ವೇ ಮಾಡುವ ಮನುಷ್ಯ. ಹಗ್ಗ ಓರೆಯಾಗಿ ಎಳೆಯುತ್ತಿದ್ದರೆ ದಡದಿಂದಲೇ ನೋಡಿ ಕ್ಯಾಪ್ಟನ್ನಿಗೆ ಬೈಯುವವರು. ಬಕಲ್ ಪರೀಕ್ಷೆ ಅಂದುಕೊಂಡಿದ್ದೆ, ಪರೀಕ್ಷೆ ನನ್ನ ಹೆಬ್ಬೆರಳಿನದಾಗಿತ್ತು. ಹತ್ತುವುದಿಲ್ಲ ಎಂದವಳಿಗಾಗಿ ಇಷ್ಟು ವರ್ಷ ಒಂದೊಂದೇ ಅಳತೆ… ಇವರನ್ನು ಕಂಡು ಹೀಗೆ ಬೆರಗಾದದ್ದು ಮದುವೆಯಾದಾಗಲೂ ಇಲ್ಲ. ಸಿಟ್ಟೂ ಬಂತು. ಎರಡೂ ಒಟ್ಟಿಗೇ.

ಮಾರ್ಚ್ 9, ಭಾನುವಾರ. ಕೊಚ್ಚಿ

ಜಗಳ. ಪೈಪು ಕತ್ತರಿಸಿ ಎತ್ತರಿಸಬೇಕೆಂದರೆ ಹಿಂದಿನ ಹೊದಿಕೆ ಬಿಚ್ಚಬೇಕು, ಮತ್ತೆ ವೆಲ್ಡಿಂಗ್, ಪೇಂಟು, ಮತ್ತೆ ತಪಾಸಣೆ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಒಂದು ಸಲ ಹಾರಿ ಬಂದು ಆಮೇಲೆ ಸರಿ ಮಾಡುತ್ತೇನೆ ಅಂತ ಇವರು. ಮೊದಲ ಸಲವೇ ಅಲ್ಲವೇ ಬೀಳುವ ಭಯ ಹೆಚ್ಚು? ಹೇಳಿದೆ. ಎಷ್ಟು ಜೋಪಾನ ಮಾಡಿ ಕಟ್ಟಿದ್ದೀನಿ, ಬೀಳಲ್ಲ ಅಂದರು. ಊಟಕ್ಕೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಕೂತೆವು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದೆ: “ನನ್ನ ಬೆನ್ನು ಉಳಿಸಿದ್ದೀರಿ. ನಿಮ್ಮ ಬೆನ್ನು ನೋಡ್ಕೊಳ್ಳೋದು ನನ್ನ ಕೆಲಸ. ಅದು ಕತ್ತರಿಸೋವರೆಗೂ ನೀವು ಹಾರಲ್ಲ.”

ಏಪ್ರಿಲ್ 20, ಭಾನುವಾರ. ಶೆಡ್

ಕತ್ತರಿಸಿದರು. ತಾವೇ. ಎಡಗಡೆ, ತಮ್ಮ ಸೀಟಿನ ಹಿಂದೆ ಮಾತ್ರ. ನನ್ನ ಕಡೆಯದನ್ನು ಮುಟ್ಟಲಿಲ್ಲ. ಈ ಸಲ ಟೇಪು ಹಿಡಿದವಳು ನಾನು. ಸೀಟಿನಿಂದ ಭುಜಕ್ಕೆ ಅಳೆದೆ, ಇನ್ನೊಂದು ಸಲ ಅಳೆದೆ. ನಂಬಿಕೆ ಬಾರದೆ ಮತ್ತೂ ಒಂದು ಸಲ. ಇವರು ಕ್ಷೌರಕ್ಕೆ ಕೂತವರ ಹಾಗೆ ಅಲ್ಲಾಡದೆ ಕೂತಿದ್ದರು. ಈ ವರ್ಷದ ಬೇಸಿಗೆ ಹೋಯಿತು ಅಂತ ಒಂದು ಮಾತೂ ಆಡಲಿಲ್ಲ.

ನವೆಂಬರ್ 23, ಭಾನುವಾರ. ರಾಜ್ಯದ ಗಡಿಯಾಚೆಯ ಏರ್‌ಸ್ಟ್ರಿಪ್

ಬೆಳಗ್ಗೆ 6.50. ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ನೋಡುತ್ತ ಕೂರಲು ಧೈರ್ಯವಿಲ್ಲ. ಇಂಚರಾ ಹೊರಗೆ, ಕೈಯಲ್ಲಿ ಫೋನು.

ಹತ್ತಿ ಕೂತು, ತಮ್ಮ ಭುಜದ ಪಟ್ಟಿ ಎಳೆದು ಬಿಗಿ ಮಾಡು ಅಂದಿದ್ದರು. ಮಾಡಿದೆ. ನೆಟ್ಟಗೆ ಹಿಂದಕ್ಕೆ ಹೋಗಿತ್ತು, ಕೂದಲೆಳೆಯಷ್ಟೂ ಇಳಿಜಾರಿಲ್ಲ. ಬಲಗಡೆ ಖಾಲಿ ಸೀಟಿನ ಬೆಲ್ಟನ್ನೂ ಹಾಕಿಟ್ಟಿದ್ದರು. ಇಲ್ಲದಿದ್ದರೆ ಸಡಿಲವಾಗಿ ಹಾರಾಡಿ ವಿಮಾನ ನಡೆಸುವ ಕಡ್ಡಿಗೆ ಸಿಕ್ಕಿಕೊಳ್ಳುತ್ತದಂತೆ.

“ಇನ್ನೂ ಬಿಗಿ ಮಾಡ್ಲಾ ಅದನ್ನ?” ಅಂದೆ.

“ಬೇಡ. ನಿನ್ನ ಅಳತೇಲೇ ಇರ್ಲಿ.”

6.58. ಮೇಲಿದ್ದಾರೆ. ದೇವರೇ, ಮೇಲಿದ್ದಾರೆ. ನಮ್ಮ ಶೆಡ್ಡಿನ ತಗಡು, ಬಟ್ಟೆ, ಬಣ್ಣ — ಅದು ಬೆಟ್ಟದ ಪಕ್ಕ ಬೆಳಕಿನಲ್ಲಿ ತಿರುಗುತ್ತಿದೆ. ರಾಕೆಟ್ಟುಗಳನ್ನು ಕಳಿಸಿ ಚಪ್ಪಾಳೆ ತಟ್ಟಿದವಳು ನಾನು. ಹೀಗೆ ಉಸಿರು ಬಿಗಿಹಿಡಿದಿರಲಿಲ್ಲ. ಆ ರಾಕೆಟ್ಟುಗಳಲ್ಲಿ ಯಾರನ್ನೂ ನನ್ನ ಕೈಯಾರೆ ಕಟ್ಟಿ ಕಳಿಸಿರಲಿಲ್ಲ.

7.06. ಇಳಿಯಲು ತಿರುಗಿದರು. ಎಷ್ಟು ಚಿಕ್ಕದು. ಎಷ್ಟು ನಿಧಾನ. ಇಳಿದ ಕೂಡಲೇ ಹೇಳಿಬಿಡಬೇಕು, ಮುಂದಿನ ಸಲ ಆ ಸೀಟು ಖಾಲಿ ಬೇಡ, ನಾನು ಬರ್ತೀನಿ ಅಂತ. ಇನ್ನೊಬ್ಬರನ್ನು ಕೂರಿಸಲು ಪರ್ಮಿಟ್ ಸಿಕ್ಕಿದ ದಿನವೇ. ಚಕ್ರ ನೆಲಕ್ಕೆ ಇನ್ನೇನು — ಮುಟ್ಟಿತು. ಪುಸ್ತಕ ಮುಚ್ಚಿ ಓಡುತ್ತೇನೆ.